ನಾಳಿನ ಗೋಧಿ

“ಈ ಗೋಧಿನ ಇನ್ನೂ ಯಾರೂ ಬಿತ್ತೇ ಇಲ್ಲ!” ಪ್ರಯೋಗಾಲಯದ ನಿರ್ದೇಶಕಿಯ ಕೂಗು ಕಾರಿಡಾರಿನ ಕೊನೆಯವರೆಗೂ ಕೇಳಿಸಿತು. “ನಿನ್ನ ಸಾಮ್ರಾಜ್ಯ ಬಿದ್ದಿದ್ದು ಯಾವಾಗ? ಮುಂದಿನ ಶತಮಾನದಲ್ಲಾ?”

ಯಂತ್ರ ನೋಡಿಕೊಳ್ಳುವ ಮೀಸೆಯಣ್ಣ ನಗು ನುಂಗಿಕೊಂಡ. ಸಂಶೋಧಕಿಯ ಕಿವಿ ಕೆಂಪಾಯಿತು.

ಸುಟ್ಟ ರಾಜಧಾನಿಯ ಕಣಜದಿಂದ ಬಂದ ಕಾಳು ಅದು. ಸತ್ತ ಕಾಳಿನಲ್ಲಿ ವಿಕಿರಣ ಇಂಗಾಲ ಕಾಲ ಕಳೆದಂತೆ ಕರಗುತ್ತದೆ. ಉಳಿದದ್ದನ್ನು ಅಳೆದರೆ ವಯಸ್ಸು ಗೊತ್ತಾಗುತ್ತದೆ. ಇದರಲ್ಲಿ ಮಾತ್ರ ಆ ಇಂಗಾಲ ಈಗ ಹೊಲದಲ್ಲಿ ನಿಂತಿರುವ ಪೈರಿಗಿಂತಲೂ ಹೆಚ್ಚಿತ್ತು. ಶತ್ರುಗಳು ಬೆಂಕಿ ಇಟ್ಟದ್ದರಿಂದ ಸಾಮ್ರಾಜ್ಯ ಬಿತ್ತು ಎನ್ನುತ್ತವೆ ಪುಸ್ತಕಗಳು. ಅದಕ್ಕೂ ಬಹಳ ಮೊದಲೇ ಕಣಜಕ್ಕೆ ಹೊಸ ಬೆಳೆ ಬರುವುದು ನಿಂತಿತ್ತು, ಬೆಂಕಿ ಬಿದ್ದದ್ದು ಖಾಲಿ ಊರಿಗೆ ಎಂಬುದು ಸಂಶೋಧಕಿಯ ವಾದ. ಅದಕ್ಕೆ ಸಾಕ್ಷಿಯಾಗಲೆಂದು ವರ್ಷಗಟ್ಟಲೆ ದುಡಿದು ತಂದ ಕಾಳು. ಡಬ್ಬಿ ಬಂದ ದಿನ ನಿರ್ದೇಶಕಿಯೇ ಸಂಭ್ರಮದಿಂದ ಕೂತು ಒಂದೊಂದನ್ನೂ ತೂಗಿದ್ದಳು.

“ಇದು ನಿನ್ನ ಗಂಡನಿಂದಲೇ ಬಂದ ಕೊಳೆ,” ಎಂದಳು ನಿರ್ದೇಶಕಿ. “ಈ ಊರಲ್ಲಿ ಆ ಇಂಗಾಲ ಮುಟ್ಟೋನು ಅವನೊಬ್ಬನೇ. ಅವನ ಕೈ ಸೋಕಿದ್ದು ಯಾವುದೂ ಇಲ್ಲಿಗೆ ಬರಬಾರದು ಅಂತ ಎಷ್ಟು ಸಲ ಬಡ್ಕೊಂಡಿದೀನಿ?”

ಗಂಡನನ್ನು ‘ಅವನು’ ಅಂದದ್ದು ಸಂಶೋಧಕಿಯನ್ನು ಇನ್ನಷ್ಟು ಉರಿಸಿತು. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಗಂಡನ ಕೆಲಸ. ಅದೇ ಇಂಗಾಲ ಬೆರೆಸಿದ ಔಷಧವನ್ನು ಇಲಿಗಳಿಗೆ ಕೊಟ್ಟು, ಅದು ಮೈಯಲ್ಲಿ ಎಲ್ಲೆಲ್ಲಿ ಹೋಯಿತು ಎಂದು ಹುಡುಕುವುದು. ಅಲ್ಲಿಯ ಒಂದು ಕಣ ಸಾಕು, ಇಲ್ಲಿಯ ಲೆಕ್ಕವೆಲ್ಲ ಕೆಡುತ್ತದೆ. ಅದಕ್ಕೇ ನಿರ್ದೇಶಕಿ ಕಟ್ಟುನಿಟ್ಟು ಮಾಡಿದ್ದಳು: ಬೇರೆ ಟವೆಲ್, ಬೇರೆ ಬಟ್ಟೆ ಒಗೆಯುವ ಯಂತ್ರ, ಬೇರೆ ಹಾಸಿಗೆ. ಗಂಡ ಮಹಡಿಯ ಕೋಣೆ ಸೇರಿದ. ಮೊದಲು ಸಿಡುಕಿದ, ಆಮೇಲೆ ಒಗ್ಗಿಕೊಂಡ.

“ಒಂದೇ ಮನೇಲಿ ಬಾಡಿಗೆದಾರರ ಥರ ಇದೀವಿ ಮೇಡಂ! ಎಲ್ಲಾ ನಿಮ್ಮ ನಿಯಮಕ್ಕೋಸ್ಕರ. ನಾನು ಅವರ ಕೈ ಹಿಡಿದು ಎಷ್ಟು ಕಾಲ ಆಯ್ತು ಗೊತ್ತಾ ನಿಮಗೆ?”

“ಗೊತ್ತು,” ಎಂದಳು ನಿರ್ದೇಶಕಿ. ಒಂದು ಕ್ಷಣ ತಡೆದು, “ನಿಯಮ ಮಾಡಿದ್ದೇ ನಾನಲ್ವಾ,” ಎಂದು ಸೇರಿಸಿದಳು. “ಪರೀಕ್ಷಕರನ್ನ ಕರೆಸಿದೀನಿ. ನಿನ್ನ ಮೇಜು, ನಿನ್ನ ಬಟ್ಟೆ ಒರೆಸಿ ನೋಡ್ತಾರೆ. ಸಿಕ್ಕಿದ್ರೆ ನಾಳೆಯಿಂದ ನೀನೂ ಬೇಡ, ನಿನ್ನ ಸಾಮ್ರಾಜ್ಯಾನೂ ಬೇಡ.”

“ನನ್ನೊಬ್ಬಳದ್ದೇ ಯಾಕೆ? ಎಲ್ಲರದ್ದೂ ಆಗಲಿ. ಎಲ್ಲರ ಎದುರೇ ಆಗಲಿ.”

“ನಂದೂ ಆಗಲಿ ತಾಯಿ,” ಎಂದ ಮೀಸೆಯಣ್ಣ. “ಮೀಸೆ ಒರೆಸೋದಾದ್ರೆ ಮಾತ್ರ ನಿಧಾನಕ್ಕೆ.”

ಅಷ್ಟು ಜನರ ಮುಂದೆ ನಿರ್ದೇಶಕಿಗೆ ಬೇಡ ಎನ್ನಲಾಗಲಿಲ್ಲ.

ಮಧ್ಯಾಹ್ನ ಪರೀಕ್ಷಕ ಬಂದ. ಒದ್ದೆ ಕಾಗದದ ಬಿಲ್ಲೆಗಳಿಂದ ಬಾಗಿಲ ಹಿಡಿ, ಕುರ್ಚಿ, ಫೋನು, ಎಲ್ಲರ ಕೈ, ಮೈಮೇಲಿನ ಬಟ್ಟೆ, ಹಿಂದೆ ಮುಂದೆ ಒರೆಸಿದ. ಒಂದೊಂದು ಬಿಲ್ಲೆಯನ್ನೂ ಹೆಸರು ಬರೆದ ಸೀಸೆಗೆ ಹಾಕಿ, ವಿಕಿರಣ ಎಣಿಸುವ ಯಂತ್ರಕ್ಕೆ ಇಳಿಸಿದ. ಸಿಬ್ಬಂದಿಯೆಲ್ಲ ಪರದೆಯ ಮುಂದೆ ಗುಂಪುಗೂಡಿದರು.

ಸಂಶೋಧಕಿಯ ಮೇಜು: ಏನೂ ಇಲ್ಲ. ಅವಳ ಕೈ, ಬಟ್ಟೆ, ಚೀಲ: ಏನೂ ಇಲ್ಲ.

“ನೋಡಿ!” ಅವಳು ಪರದೆಯತ್ತ ಬೆರಳು ತೋರಿಸಿದಳು. “ನನ್ನ ಗಂಡನ ಒಂದು ಕಣ ಇದೆಯಾ ನನ್ನ ಮೈಮೇಲೆ?”

“ಸರಿ, ನನ್ನದೇ ತಪ್ಪು. ಒಪ್ಕೊಂಡೆ,” ಎಂದಳು ನಿರ್ದೇಶಕಿ, ಮೆಲ್ಲಗೆ. “ಇಲ್ಲಿಗೇ ನಿಲ್ಸೋಣ. ಹೊಸ ಕಾಳು ತರಿಸ್ತೀನಿ ನಿಂಗೆ.”

“ಈಗ ನಿಲ್ಸೋದಾ? ಬೆಳಗ್ಗೆ ಊರಿಗೆಲ್ಲ ಕೇಳೋ ಹಾಗೆ ಮಾನ ತೆಗೆದ್ರಲ್ಲ, ಆಗ ನಿಲ್ಸಬೇಕು ಅನ್ನಿಸ್ಲಿಲ್ವಾ?” ಸಂಶೋಧಕಿ ಪರೀಕ್ಷಕನ ಕಡೆ ತಿರುಗಿದಳು. “ಹಾಕಿ ಸಾರ್. ಒಂದನ್ನೂ ಬಿಡ್ಬೇಡಿ. ಯಾರದ್ದು ಅಂತ ಜೋರಾಗಿ ಓದಿ.”

ಮೀಸೆಯಣ್ಣ: ಏನೂ ಇಲ್ಲ. ಗುಮಾಸ್ತ: ಏನೂ ಇಲ್ಲ. ಆಮೇಲಿನ ಸೀಸೆ ಒಳಗಿಳಿಯಿತು. ಪರದೆಯ ಅಂಕಿ ಏರಿತು, ಏರುತ್ತಲೇ ಹೋಯಿತು. ಸಂಶೋಧಕಿ ಗೆದ್ದವಳಂತೆ ನಕ್ಕಳು.

“ಸಿಕ್ತಲ್ಲ! ಯಾರದ್ದು ಸಾರ್?”

ಪರೀಕ್ಷಕ ಸೀಸೆಯನ್ನು ಬೆಳಕಿಗೆ ಹಿಡಿದು ಓದಿದ: ನಿರ್ದೇಶಕಿಯ ಸ್ವೆಟರ್, ಬೆನ್ನಿನ ನಟ್ಟನಡುವೆ. ಅವಳ ಕೈಯೇ ಎಟುಕದ ಜಾಗ.