ವನಜಾಕ್ಷಿ ಕೇಳಿದ್ದು

ವಾರ್ಡ್ ಆಫೀಸಿನ ಗೋಡೆಗೆ ಸುಳ್ಳು ಹೇಳಲು ಬರುವುದಿಲ್ಲ. ಆದರೆ ಅದು ತಿಂಗಳಿಗೆ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ಈ ತಿಂಗಳ ಸರದಿ ವನಜಾಕ್ಷಿಯದು. ಏನು ಕೇಳಬೇಕೆಂದು ಪಕ್ಕದ ಮನೆಯ ಕಮರುನ್ನಿಸಾ ಬಾಯಿಪಾಠ ಮಾಡಿಸಿ ಕಳಿಸಿದ್ದಳು: "ಟ್ಯಾಂಕಿನ ನೀರು ಕುಡಿಯಬಹುದಾ?" ಅವಳ ಮಗಳಿಗೆ ವಾರದಿಂದ ವಾಂತಿ.

ವನಜಾಕ್ಷಿ ಗೋಡೆಯ ಮುಂದೆ ನಿಂತಾಗ ಕೌನ್ಸಿಲರ್ ತಾವೇ ಎದ್ದು ಬಂದು ಕುರ್ಚಿ ಎಳೆದುಕೊಟ್ಟರು. ಅಂಥವರ ಎದುರು ನೀರಿನ ತಕರಾರು ತೆಗೆಯಲು ಅವಳಿಗೆ ನಾಚಿಕೆಯಾಯಿತು.

"ಚೆನ್ನಾಗಿದ್ದೀರಾ ಸರ್?" ಎಂದುಬಿಟ್ಟಳು.

"ಚೆನ್ನಾಗಿದ್ದಾರೆ," ಎಂದಿತು ಗೋಡೆ. "ಇನ್ನು ಮುಂದಿನ ತಿಂಗಳು ಬನ್ನಿ."

ಆಮೇಲೆ ಕೌನ್ಸಿಲರ್ ಊಟದ ಹೊತ್ತಿನವರೆಗೂ ಭಾಷಣ ಮಾಡಿದರು. ವನಜಾಕ್ಷಿ ತಲೆ ತಗ್ಗಿಸಿಕೊಂಡು ಕೇಳಿದಳು.

ಟ್ಯಾಂಕಿನ ನೀರು ಬರುವ ಬೀದಿ ನಲ್ಲಿಯ ಹತ್ತಿರ ಕಮರುನ್ನಿಸಾ ಖಾಲಿ ಕೊಡ ಹಿಡಿದು ಕಾಯುತ್ತಿದ್ದಳು.

"ಕೇಳಿದ್ರಾ ಅಕ್ಕಾ?"

ಭಾಷಣವನ್ನಂತೂ ಕೇಳಿದ್ದೆನಲ್ಲ ಎಂದುಕೊಂಡು ವನಜಾಕ್ಷಿ ಹೇಳಿದಳು, "ಕೇಳಿದೆ."

ಕಮರುನ್ನಿಸಾಳ ಮುಖ ಅರಳಿತು. "ಅಷ್ಟು ಸಾಕು ಬಿಡಿ. ನೀರು ಕೆಟ್ಟಿದ್ರೆ ನೀವು ಹೇಳದೆ ಇರ್ತೀರಾ?" ಎನ್ನುತ್ತ ನಲ್ಲಿ ತಿರುಗಿಸಿದಳು.

ವನಜಾಕ್ಷಿ ಕೊಡ ತುಂಬುವ ಸದ್ದನ್ನು ಕೇಳುತ್ತ ನಿಂತಳು.