ಕಾಲಡಿಯ ಹಳ್ಳ

ಈ ಕಥೆಯನ್ನು ಮೊದಲು ಹೇಳಿದವಳು ಅಂಬಿಗರ ದುರುಗವ್ವ, ಹಳ್ಳಗಳು ದನಗಳಂತೆ ಕರೆದಲ್ಲಿಗೆ ಬರತೊಡಗಿದ ಮರುವರ್ಷ. ಯಾರ ಜಮೀನಿನಲ್ಲಿ ಹರಿದರೂ ಹಳ್ಳದ ಮೀನು ಹಿಡಿಯುವ ಹಕ್ಕು ಎಲ್ಲರಿಗೂ ಇತ್ತು. ಕಾಲು ಮಾತ್ರ ನೀರಿನಲ್ಲೇ ಇರಬೇಕಿತ್ತು.

ಗಾಳದವರ ಕಾಟ ತಪ್ಪಲೆಂದು ಓಂಕಾರಪ್ಪ ತನ್ನ ಹೊಲದ ಹಳ್ಳವನ್ನು ಆಚೆಗೆ ಅಟ್ಟಿಬಿಟ್ಟ. ತಿರುಗಿ ನೋಡಿದರೆ, ಒಣಗಿದ ಮರಳಿನ ನಡುವೆ ಮುದುಕಿ ಹಾಲವ್ವ ಗಾಳ ಹಿಡಿದು ನಿಂತೇ ಇದ್ದಳು.

"ಮನೆಗೆ ಹೋಗಬೇ," ಎಂದ.

"ಹೆಂಗ ಹೋಗಲಪ್ಪಾ? ಹೆಜ್ಜೆ ಇಟ್ಟರೆ ನಿನ್ನ ನೆಲ ತುಳಿದ ಕಳ್ಳಿ ಆಗ್ತೀನಿ."

ಎಷ್ಟು ಕರೆದರೂ ಹಳ್ಳ ಮರಳಲಿಲ್ಲ. ಮುದುಕಿ ಬಿಸಿಲಲ್ಲಿ ಬೇಯುವುದನ್ನು ನೋಡಲಾರದೆ ಓಂಕಾರಪ್ಪ ಬಾವಿಗೆ ಓಡಿದ. ಕೊಡ ತುಂಬಿ ತಂದು, ಅವಳ ಹೆಜ್ಜೆಹೆಜ್ಜೆಗೂ ನೀರು ಸುರಿಯುತ್ತ ಬೇಲಿಯವರೆಗೂ ಬಗ್ಗಿಯೇ ನಡೆದ.

"ಇನ್ನೊಂಚೂರು ಹಾಕಪ್ಪಾ, ಹಿಮ್ಮಡಿ ಒಣಗೈತಿ," ಎಂದಳು ಹಾಲವ್ವ.

ದುರುಗವ್ವನ ಕಥೆ ಕೇಳುತ್ತಿದ್ದ ಹೊಲದವರು ಎದ್ದು, ತಮ್ಮ ತಮ್ಮ ಹಳ್ಳಗಳ ಮುಖ ನೋಡದೆ ಮನೆಗೆ ಹೋದರು.