ಆಳದ ಕೆಂಪು ಮೀನು

ಗಾಡಿ ಹೂಡಿ ಆಗಿತ್ತು, ಎತ್ತುಗಳು ತಲೆ ಕೊಡವುತ್ತಿದ್ದವು. ಹೊಳೆವ್ವ ಮಾತ್ರ ಮೊಮ್ಮಗಳ ಟ್ರಂಕಿನ ಮೇಲಿಂದ ಏಳಲೊಲ್ಲಳು.

"ಹುಡುಗಿ ಮೈಮ್ಯಾಲಿನ ಅರಿಷಿಣ ಇನ್ನಾ ಆರಿಲ್ಲ. ನಾಕ ದಿನ ಗಂಡನ ಮನಿ, ನಾಕ ದಿನ ತವರಮನಿ, ಹಿಂಗ ಹೋಗಿ ಬಂದು ಮಾಡಿ, ಆಮ್ಯಾಲ ಸಂಸಾರ ಹೂಡೂದು ನಮ್ಮ ಪದ್ಧತಿ. ಒಮ್ಮಿಗೇ ಕಾರವಾರಕ್ಕ ಎತ್ಕೊಂಡು ಹೋಗಾಕ ಅಕಿಯೇನು ಜ್ವಾಳದ ಚೀಲೇನು?"

ಮೊಮ್ಮಗಳ ಗಂಡ ಪರಶಪ್ಪ ತಲೆ ಕೆರೆದುಕೊಂಡ. ಮೀನಿನ ನೆಲೆ ಹುಡುಕುವ ಸರಕಾರಿ ಹಡಗಿನಲ್ಲಿ ಅವನಿಗೆ ಬಲೆ ಎಳೆಯುವ ಕೆಲಸ. ಈಗ ಗಜೇಂದ್ರಗಡದ ಮೋಟಾರು ತಪ್ಪಿದರೆ ಹೆಂಡತಿಯನ್ನು ಇಲ್ಲೇ ಬಿಟ್ಟು ಅವನೊಬ್ಬನೇ ಕೆಲಸಕ್ಕೆ ಓಡಬೇಕು. ಮತ್ತೆ ರಜೆ ಸಿಗುವುದು ಮಳೆಗಾಲಕ್ಕೇ.

ಬಾಗಿಲ ಮರೆಯಲ್ಲಿ ನಿಂತ ಮೊಮ್ಮಗಳು ಶೇಖವ್ವನನ್ನು ಯಾರೂ ಏನೂ ಕೇಳಿರಲಿಲ್ಲ. ಅವಳು ಬಲ್ಲದ್ದು ಆಯಿ ಹೊಳೆವ್ವನ ಕಥೆಯ ಸಮುದ್ರವನ್ನಷ್ಟೇ. ಅದರ ತಳದಲ್ಲಿ ದೀಪವಿಲ್ಲದ ಒಂದು ಊರಿತ್ತು. ತನ್ನೂರು ಮುಶಿಗೇರಿಯ ಗಡಿ ದಾಟದ ಆಯಿ ಆ ಊರಿನ ಓಣಿ ಓಣಿ ತಿರುಗಿ ಬಂದವಳಂತೆ ಹೇಳುತ್ತಿದ್ದಳು.

"ದೀಪಿಲ್ಲದ ಊರು ಖರೇನ ಐತ್ರಿ ಆಯಿ," ಎಂದ ಪರಶಪ್ಪ, ಹೆಂಡತಿಯಿಂದ ಆ ಕಥೆ ಕೇಳಿದ್ದವನು, ಮುದುಕಿಯನ್ನು ಒಲಿಸಲು. "ದಂಡಿ ಬಿಟ್ಟು ಭಾಳ ದೂರ ಸಮುದ್ರದ ತಳ ಇಳಕಲಾಗಿ ಹೋಗತೈತಿ. ಮುಂದ ಒಮ್ಮಿಗೇ ಪಾತಾಳ. ಆ ಅಂಚಿನಾಗ, ನಿಮ್ಮೂರ ಬಾವಿ ಹತ್ತು ಒಂದರ ಕೆಳಗೊಂದು ತೋಡಿದಷ್ಟು ಆಳಕ್ಕ, ಒಂದು ಮೀನಿನ ಹಿಂಡು ಐತಿ. ಸುತ್ತಲಿನ ಊರಿನ ಕುರಿ ಎಲ್ಲಾ ಒಂದಕಡೆ ಕೂಡಿಸಿದ್ರೂ ಅಷ್ಟಾಗೂದಿಲ್ಲ. ಮುಂದ ಕುರುಬನಿಲ್ಲ, ಹಿಂದ ನಾಯಿಲ್ಲ. ಒಂದು ಹೊಳ್ಳಿದ್ರ ಎಲ್ಲಾ ಹೊಳ್ಳತಾವ. ಕಣ್ಣು ನೋಡಬೇಕ್ರಿ, ಇಷ್ಟಿಷ್ಟು ದೊಡ್ಡವು. ಇದ್ದಷ್ಟು ಬೆಳಕು ಬಳಕೊಳ್ಳಾಕ."

"ಬಣ್ಣ?" ಎಂದಳು ಹೊಳೆವ್ವ. ಕಥೆ ಶುರುವಾದರೆ ಅವಳಿಗೆ ಸಿಟ್ಟು ನೆನಪಿರುವುದಿಲ್ಲ.

"ಕುಂಕುಮಗೆಂಪು. ಆದ್ರ ಅಷ್ಟು ಕೆಳಗ ಕೆಂಪು ಬೆಳಕು ಇಳಿಯೂದಿಲ್ಲ. ಕೆಂಪಿದ್ದದ್ದು ಅಲ್ಲಿ ಕರ್ರಗ ಆಗತೈತಿ. ತಿನ್ನಾಕ ಬಂದ ದೊಡ್ಡ ಮೀನು ಮುಂದ ಹಾದು ಹೋದ್ರೂ ಅದಕ್ಕ ಗೊತ್ತಾಗೂದಿಲ್ರಿ."

ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಇಷ್ಟು ಚಂದದ ಬಣ್ಣ ಬಳದು, ಯಾರ ಕಣ್ಣಿಗೂ ಬೀಳದಂಗ ಇಟ್ಟಾನಲ್ಲೋ ಶಿವ. ಮ್ಯಾಲ ತಂದ್ರ?"

ಪರಶಪ್ಪ ಇಲ್ಲಿಗೆ ಸುಮ್ಮನಾಗಬೇಕಿತ್ತು. "ಬದುಕೂದಿಲ್ರಿ. ಅವುಗಳ ಹೊಟ್ಟ್ಯಾಗ ಒಂದು ಗಾಳಿ ಚೀಲ. ಸರ್ರನ ಎಳದ್ರ ಮ್ಯಾಲಿನ ನೀರಿನ ಭಾರ ತಪ್ಪಿ ಅದು ಉಬ್ಬತೈತಿ, ಹೊಟ್ಟಿ ಬಾಯಿಗೆ ಬರತೈತಿ, ಕಣ್ಣು ಹೊರಗ..." ಎಂದವನು ಮುದುಕಿಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ಹೊಳೆವ್ವ ಟ್ರಂಕಿನ ಮೇಲೆ ಚಕ್ಕಳಮಕ್ಕಳ ಹಾಕಿದಳು. "ನಿನ್ನ ಬಾಯಿಂದನ ಬಂತಲ್ಲ, ಒಮ್ಮಿಗೇ ಎಳದ್ರ ಬದುಕೂದಿಲ್ಲಂತ. ಗಾಡಿ ಎತ್ತು ಬಿಚ್ಚಿ ಬಿಡ್ರಿ."

ಶೇಖವ್ವ ಬಾಗಿಲ ಮರೆ ಬಿಟ್ಟು ಹೊರಗೆ ಬಂದಳು. ಹಿರಿಯರೆದುರು ಗಂಡನ ಜೊತೆ ಅವಳು ಮಾತಾಡಿದ್ದು ಇದೇ ಮೊದಲು.

"ಎಳದ್ರ ಸಾಯ್ತಾವ, ಖರೆ. ತಾವಾಗೇ ಯಾವಾಗೂ ಮ್ಯಾಲ ಬರೂದಿಲ್ಲೇನ್ರಿ?"

ಪರಶಪ್ಪ ಅವಳನ್ನೇ ನೋಡಿದ. "ಬರ್ತಾವ. ಹೊತ್ತು ಮುಳುಗಿದ ಕೂಡ್ಲೆ ಇಡೀ ಹಿಂಡು ತಳಾ ಬಿಟ್ಟು ಏಳತೈತಿ, ಮೇಯಾಕ. ಸಾವಕಾಶ, ಮಳಿ ಮಾಡ ಏರಿದಂಗ."

"ಆವಾಗ ಹೊಟ್ಟಿ ಬಾಯಿಗೆ ಬರೂದಿಲ್ಲ?"

"ಇಲ್ಲ. ಚೀಲದಾಗಿನ ಗಾಳಿ ತಾವೇ ಹದಾ ಮಾಡ್ಕೋತ ಏರತಾವ."

ಕತ್ತಲ ನೀರಿನಲ್ಲಿ ಸದ್ದಿಲ್ಲದೆ ಮೇಲೇಳುವ ಆ ಸಾವಿರ ಕಣ್ಣುಗಳು ಶೇಖವ್ವನಿಗೆ ಎದುರೇ ಕಂಡವು. ಅವಳು ಆಯಿಯ ಮುಂದೆ ಮೊಣಕಾಲೂರಿ ಕೂತಳು.

"ಆಯಿ, ನನ್ನನ್ನ ಯಾರೂ ಎಳ್ಯಾಕತ್ತಿಲ್ಲ."

ಹೊಳೆವ್ವ ಮೊಮ್ಮಗಳ ಹೆಗಲಿಗೆ ಕೈ ಊರಿದಳು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದಳು.

ಶೇಖವ್ವ ಗಾಡಿ ಹತ್ತಿದ ಮೇಲೆ ಮುದುಕಿ ಪರಶಪ್ಪನ ತೋಳು ಹಿಡಿದು ನಿಲ್ಲಿಸಿದಳು. ದನಿ ಸಣ್ಣದಾಗಿತ್ತು.

"ಬೆಳಗಾದ್ರ ಅವು ಹೊಳ್ಳಿ ತಳಕ್ಕ ಹೋಗ್ತಾವೇನೋ?"

"ದಿನಾ ಹೋಗ್ತಾವ್ರಿ."

"ಅಷ್ಟು ಕತ್ತಲದಾಗ ದಾರಿ ನೆನಪಿಡತಾವಲ್ಲ," ಎಂದಳು ಹೊಳೆವ್ವ, ಮತ್ತು ಕೈ ಬಿಟ್ಟಳು.